ಹತ್ತು ವರ್ಷಕ್ಕೆ ಬಂದ ಜಗ್ಗು

ಬಾಲ್ ಹೊಡೆದ ಮೇಲೆ ಜಗ್ಗು ಬಾಲನ್ನು ನೋಡುತ್ತಿರಲಿಲ್ಲ. ಅದು ಮೈದಾನದಾಚೆಯ ಕಟ್ಟಡದ ಮೂರನೇ ಮಹಡಿಯಲ್ಲಿ ಒಣಗಲು ಹಾಕಿದ ಸೀರೆಗೆ ಬಡಿಯಲಿ, ಚರಂಡಿಗೆ ಬೀಳಲಿ, ಅವನ ಕಣ್ಣು ಮಾತ್ರ ಬೌಲರನ ಮುಖದ ಮೇಲೆ. ಊಟ ಬಡಿಸಿದವರು ಮೊದಲ ತುತ್ತು ಬಾಯಿಗಿಟ್ಟವರ ಮುಖ ನೋಡುತ್ತಾರಲ್ಲ, ಹಾಗೆ ನೋಡುತ್ತಿದ್ದ. ಅಭ್ಯಾಸದ ಹೊತ್ತಿನಲ್ಲಿ ಆ ಬೌಲರ್ ಹೆಚ್ಚಾಗಿ ನಾನೇ ಆಗಿರುತ್ತಿದ್ದೆ. ಬಾಲ್ ಕಳೆದುಹೋದದ್ದನ್ನು ಸಹಿಸಿಕೊಳ್ಳಬಹುದಿತ್ತು, ಆ ನೋಟವನ್ನಲ್ಲ.

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮದೊಂದು ಟೆನಿಸ್ ಬಾಲ್ ಕ್ರಿಕೆಟ್ ತಂಡ. ಅದಕ್ಕೆ ಬೇರೆ ಹೆಸರಿದ್ದರೂ ಎಲ್ಲರೂ ಶೇಖರಣ್ಣನ ಟೀಮ್ ಎಂದೇ ಕರೆಯುತ್ತಿದ್ದರು. ಶೇಖರಣ್ಣ ಉಡುಪಿ ಕಡೆಯವರು, ಸ್ಟೇಷನ್ನಿನ ಹತ್ತಿರ ಹೋಟೆಲು ಇಟ್ಟವರು. ನಾನು ಬೇಲಾಪುರದ ಆಫೀಸೊಂದರಲ್ಲಿ ಗುಮಾಸ್ತ. ವಾರವೆಲ್ಲ ಠಾಣೆಯಲ್ಲಿ ರೈಲು ಬದಲಿಸಿ ನೇತಾಡಿಕೊಂಡು ಹೋಗಿ ಬರುವವನು ಭಾನುವಾರ ಮಾತ್ರ ಕ್ಯಾಪ್ಟನ್ ಭಾಸ್ಕರ. ನಮಗೆ ಸಂಬಳವೆಂದರೆ ಪಂದ್ಯ ಮುಗಿದ ಮೇಲೆ ಶೇಖರಣ್ಣನ ಹೋಟೆಲಿನಲ್ಲಿ ಮಸಾಲೆದೋಸೆ, ಗೆದ್ದ ದಿನ ಅದರ ಮೇಲೊಂದು ಗಡ್‌ಬಡ್ ಐಸ್‌ಕ್ರೀಮ್. ಅದರಲ್ಲೇ ನಮ್ಮೆಲ್ಲರಿಗೂ ತೃಪ್ತಿಯಿತ್ತು. ಜಗ್ಗು ಬರುವ ತನಕ.

ಶೇಖರಣ್ಣ ಒಂದು ಮದುವೆಗೆಂದು ಊರಿಗೆ ಹೋದವರು ಕುಂದಾಪುರದ ಹತ್ತಿರ ಯಾವುದೋ ಟೂರ್ನಮೆಂಟಿನಲ್ಲಿ ಈ ಎಡಗೈ ಹುಡುಗನನ್ನು ನೋಡಿ, ಮದುವೆಯ ಊಟವನ್ನೂ ಬಿಟ್ಟು ಕೊನೆಯ ಓವರಿನ ತನಕ ಅಲ್ಲೇ ನಿಂತುಬಿಟ್ಟರಂತೆ. ವಾಪಸು ಬರುವಾಗ ಜೊತೆಗೆ ಕರೆದುಕೊಂಡೇ ಬಂದರು. ತೆಳ್ಳಗಿನ, ಕಪ್ಪು ಹುಡುಗ. ಅಂಗಿಯ ಕಾಲರಿನ ಗುಂಡಿಯನ್ನೂ ಹಾಕಿಕೊಳ್ಳುತ್ತಿದ್ದ. ಬ್ಯಾಟಿಂಗಿಗೆ ಇಳಿಯುವ ಮುಂಚೆ ಕಿಸೆಯಿಂದ ಬಾಚಣಿಗೆ ತೆಗೆದು ನಿಧಾನವಾಗಿ ತಲೆ ಬಾಚಿಕೊಳ್ಳುತ್ತಿದ್ದ. ಅಂಪೈರ್ ಕೂಗಿದರೂ ಅವಸರವಿಲ್ಲ.

"ಔಟಾಪುದಾರೂ ಚೆಂದ ಮಾಡಿ ಆಯ್ಕ್, ಭಾಸ್ಕರಣ್ಣ," ಎನ್ನುತ್ತಿದ್ದ. ಔಟಾಗುವುದಿದ್ದರೂ ಚೆಂದವಾಗಿ ಆಗಬೇಕಂತೆ! ಆದರೆ ಪುಣ್ಯಾತ್ಮ ಔಟಾಗಬೇಕಲ್ಲ.

ಬಂದ ಕೆಲವೇ ತಿಂಗಳಿಗೆ ನವಿ ಮುಂಬೈಯ ಒಬ್ಬ ಬಿಲ್ಡರ್ ತನ್ನ ತಂಡಕ್ಕೆ ಅವನನ್ನು ಎಳೆಯಲು ನೋಡಿದ. ಬೈಕ್ ಕೊಡುತ್ತೇನೆ ಎಂದನಂತೆ. ಶೇಖರಣ್ಣನ ನಿದ್ದೆ ಹಾರಿಹೋಯಿತು. ಒಂದು ಮಧ್ಯಾಹ್ನ ನಮ್ಮನ್ನೆಲ್ಲ ಹೋಟೆಲಿನ ಹಿಂದಿನ ಕೋಣೆಗೆ ಕರೆದು, ಜಗ್ಗುವಿನ ಜೊತೆ ಹತ್ತು ವರ್ಷದ ಕರಾರು ಮಾಡಿಕೊಳ್ಳುವುದಾಗಿ ಹೇಳಿದರು. ಹೋಟೆಲಿನಲ್ಲಿ ಮ್ಯಾನೇಜರ್ ಎಂದು ಹೆಸರಿಗೊಂದು ಕೆಲಸ, ವಿಠ್ಠಲವಾಡಿಯಲ್ಲಿ ವಾಸಕ್ಕೆ ಒಂದು ಕೋಣೆ ಮತ್ತು ಅಡುಗೆಮನೆಯ ಬ್ಲಾಕು, ಆಡಿದರೂ ಆಡದಿದ್ದರೂ ತಿಂಗಳು ತಿಂಗಳು ಸಂಬಳ. ಪೆಟ್ಟಾದರೂ ನಿಲ್ಲುವುದಿಲ್ಲ.

ಮೊದಲು ಬಾಯಿ ಬಿಟ್ಟವನು ನಾನು.

"ಎರಡು ವರ್ಷ ಸಾಕು ಶೇಖರಣ್ಣ. ಇವತ್ತು ಹೊಡೀತಾನೆ, ಸರಿ. ನಾಲ್ಕು ವರ್ಷ ಆದ್ಮೇಲೆ ಇವನ ಕಣ್ಣು, ಸೊಂಟ, ಮೊಣಕಾಲು ಹೇಗಿರ್ತದೋ ಯಾರಿಗೆ ಗೊತ್ತು? ಆಗಲೂ ಸಾಕ್ತಾ ಇರ್ತೀರಾ?"

"ಎರಡು ವರ್ಷಕ್ಕೆ ಬಂದವ ಎರಡನೇ ವರ್ಷ ಪೂರ್ತಿ ಬೇರೆಯವರ ಫೋನ್ ಕಾಯ್ತಾನೆ ಮಾರಾಯ. ನನಗೆ ಅಂಥವ ಬೇಡ."

"ಅಷ್ಟು ವರ್ಷ ಅಂದ್ರೆ ಮೈ ಬಗ್ಗಿಸಿ ಆಡ್ತಾನಾ? ಸಂಬಳ ಹೇಗೂ ಬರ್ತದೆ."

"ಅದು ನಾನು ನೋಡಿಕೊಳ್ತೇನೆ. ನೀನು ಫೀಲ್ಡರ್‌ಗಳನ್ನು ನಿಲ್ಲಿಸುದು ನೋಡಿಕೋ."

ನನ್ನ ಲೆಕ್ಕ ತಪ್ಪಾಗಿರಲಿಲ್ಲ. ಆದರೆ ಅದು ತಲೆಯಿಂದ ಬಂದದ್ದಲ್ಲ, ಹೊಟ್ಟೆಯಿಂದ ಬಂದದ್ದು. ಇಷ್ಟು ವರ್ಷ ಬಿಸಿಲಲ್ಲಿ ಬಾಲ್ ಹಾಕಿದವನಿಗೆ ದೋಸೆ, ನಿನ್ನೆ ಬಂದವನಿಗೆ ಬ್ಲಾಕು. ಕೋಣೆಯ ಮೂಲೆಯಲ್ಲಿ ಕುಳಿತಿದ್ದ ಜಗ್ಗು ಇಷ್ಟು ಹೊತ್ತೂ ತನ್ನ ಬಗ್ಗೆಯಲ್ಲವೇನೋ ಎಂಬಂತೆ ಬ್ಯಾಟಿನ ಹಿಡಿಗೆ ರಬ್ಬರು ಸುತ್ತುತ್ತಿದ್ದ.

ಮೈ ಬಗ್ಗಿಸುವುದಿಲ್ಲ ಎಂದಿದ್ದೆನಲ್ಲ, ಮರುದಿನದಿಂದಲೇ ಅವನು ಎಲ್ಲರಿಗಿಂತ ಮುಂಚೆ ಮೈದಾನಕ್ಕೆ ಬಂದು ಪಿಚ್ಚಿನ ಮೇಲಿನ ಗಾಜಿನ ಚೂರು, ಕಲ್ಲು ಹೆಕ್ಕತೊಡಗಿದ. ಆ ವರ್ಷ ಠಾಣೆಯ ದೊಡ್ಡ ಟೂರ್ನಮೆಂಟಿನ ಫೈನಲ್ಲಿನಲ್ಲಿ ಕೊನೆಯ ಓವರನ್ನು ಒಬ್ಬನೇ ಮುಗಿಸಿದ. ಮೈಕಿನಲ್ಲಿ ಮರಾಠಿ ಕಾಮೆಂಟರಿಯವನು "ಗೇಲಾ, ಗೇಲಾ, ಬಾಹೇರ್ ಗೇಲಾ!" ಹೋಯಿತು, ಹೊರಗೇ ಹೋಯಿತು ಎಂದು ಕೂಗಿ ಕೂಗಿ ಗಂಟಲು ಕಳೆದುಕೊಂಡ. ನಮ್ಮ ಬ್ಯಾಟಿಂಗಿಗೆ ಮೊದಲು ಎದುರು ತಂಡದ ಮೂರು ವಿಕೆಟ್ ತೆಗೆದು ಪಂದ್ಯವನ್ನು ಅಲ್ಲಿಯ ತನಕ ತಂದಿಟ್ಟವನು ನಾನು. ಕಪ್ ಹಿಡಿದು ತೆಗೆದ ಫೋಟೋದಲ್ಲಿ ನನ್ನ ಅರ್ಧ ಕಿವಿ ಬಂದಿದೆ.

ಹೋಟೆಲಿಗೆ ಜನ ಜಗ್ಗುವನ್ನು ನೋಡಲೆಂದೇ ಬರತೊಡಗಿದರು. ಗಲ್ಲಾದಲ್ಲಿ ಅವನು ಕುಳಿತಿದ್ದರೆ ಚಿಲ್ಲರೆ ತೆಗೆದುಕೊಳ್ಳುವ ನೆಪದಲ್ಲಿ ಸೆಲ್ಫಿ. ಶೇಖರಣ್ಣ ಕಲ್ಯಾಣದಲ್ಲಿ ಇನ್ನೊಂದು ಹೋಟೆಲು ತೆರೆದರು. ನಾನು ಹೇಳಿದ ಎರಡು ವರ್ಷ ಮುಗಿದ ದಿನ ಅವರು ನನ್ನನ್ನು ನೋಡಿ ನಕ್ಕರು ಅಷ್ಟೆ.

ಇದೆಲ್ಲ ಮೈದಾನದ ಹೊಟ್ಟೆಕಿಚ್ಚು. ಮನೆಯೊಳಗೆ ಬಂದದ್ದು ಬೇರೆ. ನನ್ನ ಹೆಂಡತಿ ಸುಜಾತ ಮದುವೆಯಾದಾಗಿನಿಂದ ನನ್ನ ಒಂದು ಪಂದ್ಯಕ್ಕೂ ಬಂದವಳಲ್ಲ. "ಬಿಸಿಲಿಗೆ ತಲೆನೋವು" ಎನ್ನುತ್ತಿದ್ದಳು. ಜಗ್ಗು ಬಂದ ಮೇಲೆ ಕೊಡೆ ಹಿಡಿದುಕೊಂಡು ಬರತೊಡಗಿದಳು. ಊರು ಬಿಟ್ಟು ಬಂದ ಹುಡುಗ, ಒಬ್ಬನೇ ಎಂದು ಡಬ್ಬದಲ್ಲಿ ನೀರ್ದೋಸೆ ಬೇರೆ. ಮಗಳು ಶ್ರಾವ್ಯಳದ್ದು ಇನ್ನೂ ಹೆಚ್ಚಾಯಿತು. ನನ್ನ ಅಮ್ಮ ಬೈಂದೂರಿನವಳು. ಅವಳು ತೀರಿಕೊಂಡ ಮೇಲೆ ಕುಂದಾಪುರದ ಕನ್ನಡ ನಮ್ಮ ಮನೆಯಲ್ಲಿ ಕೇಳಿಸುತ್ತಿರಲಿಲ್ಲ. ನಾನು ಕನ್ನಡದಲ್ಲಿ ಕೇಳಿದರೆ ಶ್ರಾವ್ಯ ಹಿಂದಿಯಲ್ಲಿ ಉತ್ತರ ಕೊಡುವವಳು. ಗದರಿಸಿದೆ, ಪುಸ್ತಕ ತಂದುಕೊಟ್ಟೆ, ಐಸ್‌ಕ್ರೀಮಿನ ಆಸೆ ತೋರಿಸಿದೆ. ಏನೂ ನಡೆಯಲಿಲ್ಲ. ಜಗ್ಗು ಅವಳಿಗೆ ಬಾಲ್ ತಿರುಗಿಸಲು ಕಲಿಸತೊಡಗಿ ಒಂದು ಮಳೆಗಾಲ ಕಳೆದಿರಬೇಕು. ಒಂದು ಸಂಜೆ ಚೀಲ ಬಿಸಾಡಿ ಒಳಗೆ ಬಂದವಳೇ, "ಅಮ್ಮಾ, ನಂಗ್ ಹಸು ಆತ್ತ್. ಉಂಬುಕೆ ಎಂತ ಇತ್ತ್?" ಎಂದಳು. ಹಸಿವಂತೆ, ಉಣ್ಣಲು ಏನಿದೆಯಂತೆ, ಅದೂ ಕುಂದಾಪುರದ ಕನ್ನಡದಲ್ಲಿ!

ಸುಜಾತ ನಗುತ್ತಾ ಓಡಿ ಬಂದಳು. ನನಗೆ ಒಂದು ಕ್ಷಣ ಅಡುಗೆಮನೆಯ ಬಾಗಿಲಲ್ಲಿ ನನ್ನ ಅಮ್ಮ ನಿಂತ ಹಾಗಾಯಿತು. ನನ್ನ ಅಮ್ಮನ ಮಾತನ್ನು ನನ್ನ ಮಗಳಿಗೆ ಕೊಟ್ಟವನು ಅವನು. ನಾನಲ್ಲ.

ನಾಲ್ಕನೇ ವರ್ಷ, ಕಲ್ಯಾಣದ ಮೈದಾನದಲ್ಲಿ ಫೀಲ್ಡಿಂಗ್ ಮಾಡುವಾಗ ಜಗ್ಗುವಿನ ಕಾಲು ಹುಲ್ಲಿನಡಿಯ ಗುಂಡಿಗೆ ಸಿಕ್ಕಿತು. ಬಿದ್ದವನು ಏಳಲಿಲ್ಲ. ಮೊಣಕಾಲಿಗೆ ಆಪರೇಷನ್ ಆಯಿತು. ನಡೆಯಬಹುದು, ಆದರೆ ಓಡಿ ತಟ್ಟನೆ ತಿರುಗುವ ಕಾಲು ಇನ್ನು ಸಿಗುವುದಿಲ್ಲ ಎಂದರು ಡಾಕ್ಟರು. ನನ್ನ ಲೆಕ್ಕವೇ ಕೊನೆಗೆ ಸರಿಯಾಗಿತ್ತು. ಅದನ್ನು ಹೇಳಿಕೊಳ್ಳಲೂ ನನಗೆ ಜಾಗ ಸಿಗಲಿಲ್ಲ. ಆಸ್ಪತ್ರೆಗೆ ಹೋದರೆ ಅವನ ಹಾಸಿಗೆಯ ಒಂದು ಬದಿಯಲ್ಲಿ ಸುಜಾತ ಗಂಜಿ ಹಿಡಿದು ಕುಳಿತಿದ್ದಾಳೆ, ಇನ್ನೊಂದು ಬದಿಯಲ್ಲಿ ಶ್ರಾವ್ಯ ಅಳುತ್ತಿದ್ದಾಳೆ. ನನಗೆ ಕಾಮಾಲೆ ಆಗಿದ್ದಾಗ ಇದೇ ಮಗಳು ಟಿವಿಯ ಸದ್ದು ಕೂಡ ಕಡಿಮೆ ಮಾಡಿರಲಿಲ್ಲ.

ಕರಾರಿನಲ್ಲಿ ಇನ್ನೂ ಆರು ವರ್ಷ ಬಾಕಿ. ತಂಡದವರು ಗೊಣಗಿದರು. ಶೇಖರಣ್ಣನ ಮಗನೇ ಕರಾರು ಮುರಿಯಿರಿ ಎಂದ. ಹೋಟೆಲಿನಲ್ಲಿ ಎದುರಿಗೆ ಕುಳಿತಾಗ ನಾನೂ ಮೆಲ್ಲಗೆ ಮಾತು ತೆಗೆದೆ.

"ನಾನು ಅವತ್ತೇ ಹೇಳಿದ್ದೆ ಶೇಖರಣ್ಣ."

"ಹೇಳಿದ್ದಿ. ಈಗ ಎಂತ ಮಾಡ್ಬೇಕು ಅಂತಿ?"

"ಆಡದವನಿಗೆ ಆಟಗಾರನ ಸಂಬಳ ಯಾಕೆ?"

ಅವರು ಸುತ್ತ ನೋಡಿ ತಗ್ಗಿದ ದನಿಯಲ್ಲಿ ಹೇಳಿದರು. "ನಾನು ಅವನ ಸಿಕ್ಸರ್ ಖರೀದಿ ಮಾಡಿದ್ದು ಅಂತ ತಿಳ್ಕೊಂಡಿದ್ದೀಯಾ? ಅವ ಆ ಬಿಲ್ಡರನ ಅಂಗಿ ಹಾಕಿ ನಮ್ಮ ಎದುರು ಆಡುದು ನನಗೆ ನೋಡ್ಲಿಕ್ಕೆ ಆಗ್ತಿರ್ಲಿಲ್ಲ ಮಾರಾಯ. ಹೊಟ್ಟೆ ಉರೀತಿತ್ತು. ಆ ಉರಿಗೆ ಕೊಟ್ಟ ದುಡ್ಡು ಅದು. ಅವ ಒಂದು ದಿನವೂ ಬೇರೆಯವರಿಗೆ ಆಡ್ಲಿಲ್ಲ. ನನ್ನದು ನನಗೆ ಬಂದಾಯ್ತು."

ನನ್ನ ಹೊಟ್ಟೆಯುರಿಗೆ ನಾನು ಏನು ಕೊಟ್ಟೇನು? ಬಿಲ್ ಕೊಟ್ಟು ಎದ್ದು ಬಂದೆ.

ಮುಂದಿನ ವರ್ಷಗಳಲ್ಲಿ ಜಗ್ಗು ನಿಜವಾಗಿ ಮ್ಯಾನೇಜರಾದ. ಬೆಳಿಗ್ಗೆ ಹಾಲಿನ ಗಾಡಿಯ ಹೊತ್ತಿಗೆ ಬರುತ್ತಿದ್ದ. ವಾಶಿಯ ಮಾರ್ಕೆಟ್ಟಿಗೆ ತರಕಾರಿ ತರಲು ತಾನೇ ಹೋಗುತ್ತಿದ್ದ. ಯಾರೂ ಹೇಳದೆ ಟೇಬಲ್ ಒರೆಸುತ್ತಿದ್ದ. "ನೀನ್ ಯಾಕೆ ಮಾಡ್ತಿ?" ಎಂದು ಶೇಖರಣ್ಣ ಬೈದರೆ ನಗುತ್ತಿದ್ದ. ಸಂಜೆ ಕುಂಟುತ್ತಾ ಮೈದಾನಕ್ಕೆ ಹೋಗಿ ಶ್ರಾವ್ಯ ಮತ್ತು ಅವಳ ಗೆಳತಿಯರಿಗೆ ಬೌಲಿಂಗ್ ಹೇಳಿಕೊಡುತ್ತಿದ್ದ. ಸೆಲ್ಫಿ ಕೇಳುವವರು ನಿಂತುಹೋಗಿದ್ದರು. ಹೊಸ ಗಿರಾಕಿಗಳಿಗೆ ಅವನು ಗಲ್ಲಾದ ಕುಂಟ ಅಷ್ಟೆ. ಅದನ್ನು ಕೇಳಿಸಿಕೊಂಡೂ ಅವನು ಚಿಲ್ಲರೆ ಎಣಿಸಿ ಕೊಡುತ್ತಿದ್ದ.

ಶ್ರಾವ್ಯ ಕಾಲೇಜಿಗೆ ಸೇರಿದ ವರ್ಷ ವಾಶಿ ಕಡೆಯ ಒಂದು ಕ್ಲಬ್ಬಿನವರು ಅವಳನ್ನು ತಮ್ಮ ಹುಡುಗಿಯರ ತಂಡಕ್ಕೆ ಕರೆದರು. ಐದು ವರ್ಷಕ್ಕೆ ಬರೆದುಕೊಟ್ಟರೆ ಕಾಲೇಜಿನ ಖರ್ಚು ಪೂರ್ತಿ ಅವರದು, ತಿಂಗಳಿಗಿಷ್ಟು ಎಂದು ಕೈಗೆ. ಬೇಡವೆಂದರೆ ಒಂದೊಂದೇ ವರ್ಷಕ್ಕೆ. ನಾನು ಆ ರಾತ್ರಿಯೇ ಐದು ವರ್ಷವೆಂದು ತೀರ್ಮಾನಿಸಿದೆ. ಎರಡು ವರ್ಷ ಸಾಕು ಎಂದಿದ್ದ ನಾಲಗೆ ಇದೇನಾ ಎಂದು ಯಾರೂ ಕೇಳಲಿಲ್ಲ. ಶ್ರಾವ್ಯ ಮಾತ್ರ, "ಜಗ್ಗು ಮಾಮನ್ ಹತ್ರ ಕೇಂತೆ," ಎಂದಳು.

ಅವಳು ಹೋಗಿ ಕೇಳುವ ಮೊದಲು ನಾನೇ ಹೋದೆ. ಜಗ್ಗು ಹೋಟೆಲಿನ ಹಿಂದೆ ಖಾಲಿ ಕ್ರೇಟಿನ ಮೇಲೆ ಕಾಲು ಚಾಚಿ ಕುಳಿತು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದ. ಕ್ಲಬ್ಬಿನ ವಿಷಯ ಹೇಳಿದೆ.

"ಅವ್ಳಿಗೆ ಒಂದ್ ವರ್ಷ ಸಾಕ್, ಭಾಸ್ಕರಣ್ಣ," ಎಂದ.

ನನಗೆ ನೆತ್ತಿಗೇರಿತು. "ನಿನಗೆ ಹತ್ತು, ನನ್ನ ಮಗಳಿಗೆ ಒಂದು? ನೀನು ಕೂತು ತಿನ್ನಬಹುದು, ಅವಳು ತಿನ್ನಬಾರದಾ?"

ಅವನು ಎಣ್ಣೆಯ ಬಾಟಲಿಗೆ ಮುಚ್ಚಳ ಹಾಕಿದ.

"ಕೂತ್ ತಿಂದವಂಗೇ ಗೊತ್ತ್ ಅದ್. ಕಾಲ್ ಹೋದ್ ಮೇಲೆ ಒಂದೊಂದ್ ತಿಂಗ್ಳ್ ಸಂಬ್ಳ ಕೈಗ್ ಬಪ್ಪು ಹೊತ್ತಿಗೆ, ಕರೀದೆ ಇದ್ದ್ ಮನಿಗ್ ಹೋಯಿ ಉಂಡಂಗೆ ಆತಿತ್ತ್. ಬಿಡ್ತೆ ಅಂದ್ರೆ ಶೇಖರಣ್ಣ ಬಿಡುದಿಲ್ಲ. ಕೊಟ್ಟ ಮಾತಂತೆ. ಅವ್ರ್ ಮಾತ್ ಅವ್ರ್ ಉಳ್ಸಿಕಂಡ್ರ್. ನಾನ್ ಎಂತ ಉಳ್ಸಿಕಂಡೆ? ಶ್ರಾವ್ಯ ಚೆಂದ ಆಡಿದ್ರೆ ಅವ್ರೇ ಮತ್ತೆ ಕರಿತ್ರ್. ಇಲ್ದಿದ್ರೆ ತಲೆ ಎತ್ಕಂಡ್ ಮನಿಗ್ ಬತ್ಲ್."

ನಾನು ಒಪ್ಪಲಿಲ್ಲ. ಈಗಲೂ ಪೂರ್ತಿ ಒಪ್ಪಿಲ್ಲ. ಆದರೆ ಶ್ರಾವ್ಯ ಅವನ ಮಾತಿನಂತೆ ಒಂದು ವರ್ಷಕ್ಕೇ ಸಹಿ ಹಾಕಿದಳು. ವರ್ಷ ಮುಗಿದಾಗ ಕ್ಲಬ್ಬಿನವರು ಮತ್ತೆ ಕರೆಯಲಿಲ್ಲ. ಐದು ವರ್ಷಕ್ಕೆ ಬರೆದಿದ್ದರೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಒಂದು ಸಂಜೆ ಅತ್ತು ಮುಗಿಸಿ, ಮುಂದಿನ ವಾರ ಠಾಣೆಯ ಇನ್ನೊಂದು ತಂಡದ ಆಯ್ಕೆಗೆ ಹೋಗಿ ಬೌಲಿಂಗ್ ಮಾಡಿದಳು. ಅಲ್ಲಿ ಆಯ್ಕೆಯಾದ ಸುದ್ದಿಯನ್ನು ಮೊದಲು ಫೋನ್ ಮಾಡಿ ಹೇಳಿದ್ದು ಯಾರಿಗೆ ಎಂದು ಬರೆಯಬೇಕಾಗಿಲ್ಲ.

ಅದೇ ಹೊತ್ತಿಗೆ ಜಗ್ಗುವಿನ ಹತ್ತು ವರ್ಷ ಮುಗಿಯಿತು. ಶೇಖರಣ್ಣ ಇನ್ನೈದು ವರ್ಷದ ಕಾಗದ ಮಾಡಿಸಿ ಇಟ್ಟಿದ್ದರು. ಜಗ್ಗು ಕೈಮುಗಿದು ಬೇಡವೆಂದ. ಕೊಲ್ಹಾಪುರದ ಹತ್ತಿರ ಹುಡುಗಿಯರ ಶಾಲೆಯೊಂದರಲ್ಲಿ ಕ್ರಿಕೆಟ್ ಕಲಿಸುವ ಕೆಲಸ ಸಿಕ್ಕಿತ್ತು. ಒಂದೇ ವರ್ಷದ್ದು. ಶೇಖರಣ್ಣ ಕಾಗದವನ್ನು ಡ್ರಾವರಿಗೆ ಎಸೆದು ಮಾತು ಬಿಟ್ಟರು. ಸ್ಟೇಷನ್ನಿಗೂ ಬರಲಿಲ್ಲ.

ಕಲ್ಯಾಣದ ಪ್ಲಾಟ್‌ಫಾರಂನಲ್ಲಿ ನಾವು ಮೂವರೂ ನಿಂತಿದ್ದೆವು. ಸುಜಾತ ಡಬ್ಬ ಕೊಟ್ಟಳು. ಶ್ರಾವ್ಯ ಅವನ ತೋಳು ಹಿಡಿದು ಬಿಕ್ಕುತ್ತಿದ್ದಳು. ನಾನು ಬ್ಯಾಗನ್ನು ಬೋಗಿಯೊಳಗೆ ಇಟ್ಟು ಇಳಿಯುವಾಗ ಅವನು ಬಾಗಿಲಲ್ಲೇ ನನ್ನನ್ನು ತಡೆದ.

"ಭಾಸ್ಕರಣ್ಣ, ಬೇಜಾರ್ ಮಾಡ್ಕಣಬೇಡಿ. ನಿಮ್ಮನ್ ಕಂಡ್ರೆ ನಂಗೆ ಯಾವಾಗ್ಳೂ ಹೊಟ್ಟಿಕಿಚ್ಚ್."

"ನನ್ನನ್ನ ಕಂಡ್ರಾ?"

"ನೀವ್ ಸೊನ್ನೆಗ್ ಔಟಾದ್ರೂ ನಗಾಡ್ಕಂಡ್ ಮನಿಗ್ ಹೋತಿದ್ರಿ. ಕಾಲ್ ಸಮ ಇಪ್ಪು ಹೊತ್ತಿಗೂ ನಂಗ್ ಒಂದ್ ಭಾನುವಾರ ಹಾಂಗ್ ಆಡುಕೆ ಆಯಿಲ್ಲ. ಬ್ಯಾಟ್ ಹಿಡ್ದ್ರೆ ಶೇಖರಣ್ಣನ ಮುಖ ಕಣ್ಣೆದ್ರ್ ಕಾಂತಿತ್ತ್. ನಿಮ್ಮಂಗೆ ಒಂದ್ಸಲ ಆಡ್ಕ್ ಅಂತ ಭಾಳ ಆಸೆ ಇತ್ತ್."

ನಾನು ಕೆಳಗಿಳಿಯುವಷ್ಟರಲ್ಲಿ ರೈಲು ಹೊರಟಿತು. ಕೈ ಬೀಸಿದೆ.

ಅಲ್ಲಿಂದ ನೇರ ಶೇಖರಣ್ಣನ ಹೋಟೆಲಿಗೆ ಹೋದೆ. ಗಲ್ಲಾದಲ್ಲಿ ಅವರೇ ಕುಳಿತಿದ್ದರು. ನನ್ನನ್ನು ನೋಡಿದ್ದೇ ಕಾಫಿ ತರಿಸಿ, ಯಾರಿಗೋ ಚಿಲ್ಲರೆ ಕೊಡುತ್ತಾ, ಬೇಡದ ಮಾತೆಂಬಂತೆ ಕೇಳಿದರು.

"ಹೋದನಾ?"

"ಹೋದ."

"ಎಂತಾದ್ರೂ ಹೇಳಿದ್ನಾ?"

ಜಗ್ಗು ಬಾಗಿಲಲ್ಲಿ ನಿಂತು ಹೇಳಿದ್ದನ್ನೆಲ್ಲ ಹೇಳಿದೆ. ಹೊಟ್ಟೆಕಿಚ್ಚು ಎಂಬ ಮಾತನ್ನೂ ಬಿಡಲಿಲ್ಲ. ಶೇಖರಣ್ಣ ಗಲ್ಲಾ ಮುಚ್ಚಿದರು. ಆಮೇಲೆ ನನ್ನನ್ನು ಮೇಲಿನಿಂದ ಕೆಳಗಿನ ತನಕ ಒಮ್ಮೆ ನೋಡಿದರು. ಇಷ್ಟು ವರ್ಷ ಅವರು ನನ್ನನ್ನು ಹಾಗೆ ನೋಡಿದ್ದೇ ಇಲ್ಲ.

"ಹತ್ತು ವರ್ಷ ನನ್ನ ಜೊತೆಗಿದ್ದ," ಎಂದರು. "ನನ್ನ ಹತ್ರ ಒಂದು ದಿನ ಹೀಗೆ ಬಾಯಿ ಬಿಟ್ಟು ಮಾತಾಡ್ಲಿಲ್ಲ. ನಿನಗೆ ಹೇಳಿ ಹೋದನಾ?"

ನಾನು ಹೌದೆಂದು ತಲೆಯಾಡಿಸಿ, ಅವರ ಮುಖವನ್ನೇ ನೋಡುತ್ತಾ ಕಾಫಿಯನ್ನು ನಿಧಾನವಾಗಿ ಕುಡಿದೆ.