ಹಡಗು ಬಲಗಡೆ ಹಚ್ಚಿದ ದಿನ

ನನ್ನ ಗಂಡ ಹಡಗಿನ ಕೆಲಸಕ್ಕೆ ಹೋದಾಗ ನಾನು ಐದು ತಿಂಗಳ ಬಸುರಿ. ಸಾಂಗಲಿಯ ಹೋಟೆಲೊಂದರಲ್ಲಿ ರೂಮು ಸ್ವಚ್ಛ ಮಾಡುತ್ತಿದ್ದ ಇವರಿಗೆ ಮುಂಬಯಿಯ ಏಜೆಂಟನೊಬ್ಬ ಅದೇ ಕೆಲಸವನ್ನು ಪ್ರವಾಸಿ ಹಡಗಿನಲ್ಲಿ ಕೊಡಿಸಿದ್ದ. ನಮ್ಮೂರು ಜುಗೂಳದಲ್ಲಿ ನಾವು ಕೃಷ್ಣೆಯ ನಾವೆಯಷ್ಟೇ ಕಂಡವರು. ಹಡಗಿಗೆ ಬಾಲ್ಕನಿ ಇರುತ್ತದೆ ಎಂದರೆ ಅತ್ತೆ ಕಡೆಯವರೆಗೂ ನಂಬಲಿಲ್ಲ.

ಮಗಳು ಹುಟ್ಟಿದಳು. ದೃಷ್ಟಿಯಾಗುತ್ತದೆಂದು ಅತ್ತೆ ಅವಳ ಫೋಟೊ ತೆಗೆಸಗೊಡಲಿಲ್ಲ. ಅವಳು ಗೋಡೆ ಹಿಡಿದು ನಡೆಯುವ ಹೊತ್ತಿಗೆ ಇವರ ಪತ್ರ ಬಂತು. ಹಡಗು ಮುಂಬಯಿಗೆ ಒಂದು ದಿನದ ಮಟ್ಟಿಗೆ ಬರುವುದಿತ್ತು.

'ನಮಗ ಕೆಳಗ ಇಳಿಯಾಕ ಬಿಡಂಗಿಲ್ಲ. ನೀವ ಬಂದರಕ್ಕ ಬರ್ರಿ. ಮುಂಬಯಿದಾಗ ಯಾವಾಗಲೂ ಹಡಗಿನ ಎಡಗಡೆನ ದಂಡಿಗೆ ಹಚ್ಚತಾರಂತ ಹಳಬರು ಹೇಳ್ತಾರ. ನಾ ನೋಡಿಕೊಳ್ಳೂ ರೂಮು ಎಲ್ಲಾ ಎಡಕ್ಕ ಅದಾವ. ಒಬ್ಬ ಮುದುಕ ಸಾಹೇಬ ತನ್ನ ಬಾಲ್ಕನಿದಾಗ ನಿಂದರಾಕ ಹೂಂ ಅಂದಾನ. ಮುಂದಿನಿಂದ ಆರನೇದು. ಹಳದಿ ಟಾವೆಲ್ ಹಾಕಿರತೀನಿ. ಕೂಸಿನ್ನ ಎತ್ತಿ ಹಿಡಿ.'

ಮಾವನವರೊಂದಿಗೆ ಮಿರಜದಲ್ಲಿ ರೈಲು ಹತ್ತಿದೆ. ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ ನಿಪ್ಪಾಣಿ ಕಡೆಯವನೊಬ್ಬ ಕಾವಲಿನವನಿಗೆ ಮರಾಠಿಯಲ್ಲಿ ಏನೋ ಹೇಳಿ ನಮ್ಮನ್ನು ತಂತಿಬೇಲಿಯವರೆಗೆ ಬಿಡಿಸಿದ. ಹಡಗು ಬಂತು. ಎರಡು ಸಣ್ಣ ಬೋಟುಗಳು ಅದನ್ನು ದೂಡಿ ನಿಧಾನಕ್ಕೆ ತಿರುಗಿಸಿದವು. ಆ ತಿರುಗುವಿಕೆಯ ಅರ್ಥ ನನಗೆ ಆಗ ಹೊಳೆಯಲಿಲ್ಲ. ಮುಂದಿನಿಂದ ಎಣಿಸಿದೆ. ಆರನೆಯ ಬಾಲ್ಕನಿಯಲ್ಲಿ ಬೋಳುತಲೆಯ ಬಿಳಿಯನೊಬ್ಬ ಕೂತು ಪೇಪರ್ ಓದುತ್ತಿದ್ದ. ಹಿಂದಿನಿಂದ ಎಣಿಸಿದೆ. ಎಲ್ಲೂ ಹಳದಿ ಬಣ್ಣವಿಲ್ಲ.

"ಇದು ಯಾವ ಕಡೆರಿ ಅಣ್ಣಾ?" ಎಂದು ಹಮಾಲನನ್ನು ಕೇಳಿದೆ.

ಅವನು ಹಡಗಿನ ಮೂತಿ ನೋಡಿದ. "ಬಲಗಡೆರಿ ಅಕ್ಕಾ. ಇವತ್ತ ತಿರುಗಿಸಿ ಹಚ್ಯಾರ."

"ಹಂಗಾರ ಎಡಗಡೆ ನಿಂತವರಿಗೆ ಏನ್ ಕಾಣತೈತಿ?"

"ನೀರು."

ಮಾವ ಮಗನ ಹೆಸರು ಹಿಡಿದು ಕೂಗಿದರು. ನಾನು ಕೂಸನ್ನು ಎತ್ತಿ ಹಿಡಿದೇ ಇದ್ದೆ, ಯಾರಿಗೆ ಎಂದು ಗೊತ್ತಿಲ್ಲದೆ. ಮೇಲೊಬ್ಬ ಮುದುಕಿ ತನಗೇ ತೋರಿಸುತ್ತಿದ್ದಾರೆಂದು ತಿಳಿದು ಕೈ ಬೀಸಿದಳು. ಮಗಳು ನಕ್ಕು ತಾನೂ ಬೀಸಿದಳು. ತೋಳು ಸೋತು ಕೆಳಗಿಳಿಸಿದಾಗ ಮಾವ ಎತ್ತಿಕೊಂಡರು. ಮಧ್ಯಾಹ್ನ ಕಾವಲಿನವನು ಬಂದು, ಸಾಕು, ನಡೀರಿ ಎಂದ.

ತಿಂಗಳ ಮೇಲೆ ಇವರ ಪತ್ರ ಬಂತು. ಟಾವೆಲ್ ಹಾಕಿ ಸಮುದ್ರದ ಕಡೆ ನಿಂತಿದ್ದರಂತೆ. ಆಚೆ ಬದಿಯ ರೂಮುಗಳ ಕೀಲಿ ಅವರ ಕೈಯಲ್ಲಿರಲಿಲ್ಲ. ಹೇಗಾದರೂ ಅತ್ತ ಹೋಗೋಣವೆಂದರೆ ಮುಕಾದಮ ಹಾಸಿಗೆ ಬದಲಿಸಲು ಹಚ್ಚಿದ. 'ಮುಂದಿನ ಸಲ ನೋಡೂಣು' ಎಂದು ಬರೆದಿದ್ದರು.

ಆ ಮಳೆಗಾಲದಲ್ಲಿ ಮಗಳಿಗೆ ಜ್ವರ ಬಂತು. ಮಿರಜದ ದವಾಖಾನೆಗೆ ಒಯ್ದೆವು. ಮೂರನೆಯ ದಿನ ಅವಳನ್ನು ಬಟ್ಟೆಯಲ್ಲಿ ಸುತ್ತಿ ಮಾವನ ಕೈಗೆ ಕೊಟ್ಟರು. ಸುದ್ದಿ ತಿಳಿಸಿ ಮಾವ ಪತ್ರ ಹಾಕಿದರು. ಅದು ಇವರಿಗೆ ಮುಟ್ಟುವ ಮೊದಲೇ ಇವರದೊಂದು ಬಂತು. 'ಕೂಸಿಗೆ ಹಲ್ಲು ಎಷ್ಟ ಬಂದಾವ?' ಎಂದು ಅದರಲ್ಲಿ ಕೇಳಿದ್ದರು.

ಅವರು ಊರಿಗೆ ಬಂದದ್ದು ನಾಲ್ಕು ತಿಂಗಳ ಮೇಲೆ. ಬಂದ ಮೂರನೆಯ ದಿನ ನಾನು ರೊಟ್ಟಿ ಬಡಿಯುತ್ತಿದ್ದಾಗ ಒಲೆಯ ಹತ್ತಿರ ಬಂದು ಕೂತರು.

"ಎಷ್ಟ ಎತ್ತರ ಇದ್ದಳು?"

ನಾನು ಎದ್ದು ನಿಂತು, ಹಿಟ್ಟಿನ ಕೈಯನ್ನೇ ಮೊಣಕಾಲಿನಿಂದ ಗೇಣು ಮೇಲೆ ಹಿಡಿದು ತೋರಿಸಿದೆ. ಅವರು ನನ್ನ ಅಂಗೈಯ ಕೆಳಗಿನ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದರು. ರೊಟ್ಟಿ ಹೊತ್ತಿ ಹೋಯಿತು.

ಮತ್ತೆ ಹಡಗಿಗೆ ಹೋಗಲಿಲ್ಲ. ಕಾಗವಾಡದ ದ್ರಾಕ್ಷಿ ತೋಟವೊಂದರಲ್ಲಿ ಕೆಲಸಕ್ಕೆ ನಿಂತರು. ಯಾವ ಯಾವ ದೇಶ ನೋಡಿದಿರಿ ಎಂದು ಜನ ಕೇಳಿದರೆ, "ನಾ ರೂಮಿನ ಒಳಗಿದ್ನಿರಿ" ಎನ್ನುತ್ತಿದ್ದರು. ನಮಗೆ ಬೇರೆ ಮಕ್ಕಳಾಗಲಿಲ್ಲ.