ಗಾಜಿನೊಳಗಿನ ಲೆಗಿನಾ

ನಮ್ಮ ಚಿಕ್ಕಮ್ಮ ಪೋನಿಯೆಮ್ ಹುಟ್ಟಿದ್ದು, ಮದುವೆಯಾದದ್ದು, ಗಂಡನನ್ನು ಕಳಕೊಂಡದ್ದು ಎಲ್ಲಾ ಜಾವಾದ ತ್ರೊವುಲಾನಿನ ಇಟ್ಟಿಗೆ ಗೂಡುಗಳ ಹೊಗೆಯಲ್ಲೇ. ನಮ್ಮೂರಲ್ಲಿ ಇಟ್ಟಿಗೆಗೆ ಅಂತ ಮಣ್ಣು ಅಗೆದರೆ ಆರುನೂರು ವರ್ಷ ಹಿಂದಿನ ಮಜಪಾಹಿತ್ ರಾಜರ ಕಾಲದ ಮಣ್ಣಿನ ಗೊಂಬೆಗಳು ಸಿಗುತ್ತವೆ. ತಲೆ ಸಿಕ್ಕರೆ ಮುಂಡ ಇರಲ್ಲ, ಮುಂಡ ಸಿಕ್ಕರೆ ತಲೆ ಇರಲ್ಲ. ಅವನ್ನು ಯಾತಕ್ಕೆ ಮಾಡಿದರೋ ಯಾರಿಗೂ ಗೊತ್ತಿಲ್ಲ. ಗೊತ್ತಿರೋ ಹಾಗೆ ಮಾತಾಡೋರು ಮಾತ್ರ ಬೇಕಾದಷ್ಟು ಜನ. ಚಿಕ್ಕಮ್ಮ ಅವನ್ನು ನೋಡಿಕೊಂಡೇ ಹೊಸ ಗೊಂಬೆ ಮಾಡುತ್ತಿದ್ದಳು, ಹೊಸದು ಅಂತ ಹೇಳಿಯೇ ಮಾರುತ್ತಿದ್ದಳು.

ಅವಳಿಗಿದ್ದದ್ದು ಒಬ್ಬಳೇ ಮಗಳು, ಲೆಗಿನಾ. ಆರು ವರ್ಷಕ್ಕೆ ಜ್ವರ ಬಂದು ಮೂರೇ ದಿನದಲ್ಲಿ ಹೋಗಿಬಿಟ್ಟಳು. ಮನೆಯಲ್ಲಿ ಒಂದು ಫೋಟೋ ಸಹ ಇರಲಿಲ್ಲ. ನಲವತ್ತನೇ ದಿನದ ಊಟ ಮುಗಿದ ಮೇಲೆ ಚಿಕ್ಕಮ್ಮ ಕೂತು ಆ ಮುಖವನ್ನು ಮಣ್ಣಲ್ಲಿ ತಂದಳು. ಮುಂದಿನ ಹಲ್ಲು ಬಿದ್ದ ನಗು, ಒಂದು ಕಡೆ ಜಾರಿದ ಜುಟ್ಟು, ಎಲ್ಲಾ ಅವಳದೇ. ಟೊಳ್ಳು ಹೊಟ್ಟೆಯೊಳಗೆ ಮಗಳ ಕಿವಿಯೋಲೆ ಹಾಕಿ, ಮುಚ್ಚಿ, ಸುಟ್ಟಳು. ಅದು ಮಾರೋಕಲ್ಲ.

ಗುನಾರ್ಸೊ ಅಂತ ಒಬ್ಬ ವ್ಯಾಪಾರಿ. ಅವನ ಮನೆ ಹಾಳಾಗ. ಚಿಕ್ಕಮ್ಮ ಗದ್ದೆಗೆ ಹೋಗಿದ್ದಾಗ ಬಂದು, ಹೇಳಿಟ್ಟಿದ್ದ ಗೊಂಬೆಗಳ ಜೊತೆ ಕಪಾಟಿನ ಮೇಲಿದ್ದ ಅದನ್ನೂ ಬುಟ್ಟಿಗೆ ಹಾಕಿಕೊಂಡು ಹೋದ. ಕೇಳಿದ್ದಕ್ಕೆ, "ಎಲ್ಲಾ ಮಾರಿಹೋಯ್ತು ಅಮ್ಮಾ. ಕೈ ಇದೆಯಲ್ಲ, ಇನ್ನೊಂದು ಮಾಡ್ಕೊಳ್ಳಿ" ಅಂದ. ಮಾಡಿದಳು, ಏಳು ಸಲ. ಏಳೂ ಯಾರದೋ ಮಕ್ಕಳು.

ಹನ್ನೊಂದು ವರ್ಷದ ಮೇಲೆ ನಾನು ಸುರಬಾಯ ಪಟ್ಟಣದ ಒಬ್ಬ ಸಾಹುಕಾರನ ಸಂಗ್ರಹಾಲಯದಲ್ಲಿ ನೆಲ ಒರೆಸೋ ಕೆಲಸಕ್ಕೆ ಸೇರಿದೆ. ಒಂದು ಗಾಜಿನ ಪೆಟ್ಟಿಗೆ ಒರೆಸುತ್ತಾ ತಲೆ ಎತ್ತಿದರೆ ಎದುರಿಗೆ ಲೆಗಿನಾ. ಜೊತೆಯಲ್ಲಿ ಆಡಿ ಬೆಳೆದವಳು ನಾನು, ನನಗೆ ಗುರುತು ಸಿಗಲ್ಲವೇ? ಆ ಕಳ್ಳ ಕೆಸರಲ್ಲಿ ಹೂತಿಟ್ಟು ಹಳೇದು ಮಾಡಿ ಮಾರಿದ್ದ. ಮಾರನೇ ದಿನವೇ ಚಿಕ್ಕಮ್ಮನನ್ನು ಕರೆದುಕೊಂಡು ಹೋದೆ.

ನಾವು ಹೋದಾಗ ಸಾಹುಕಾರ ಇಟ್ಟುಕೊಂಡಿದ್ದ ಪ್ರೊಫೆಸರ್ ನಾಲ್ಕು ಜನ ಅತಿಥಿಗಳಿಗೆ ಅದೇ ಗೊಂಬೆ ತೋರಿಸಿ ವಿವರಿಸುತ್ತಿದ್ದ. ಸಾಹುಕಾರನೂ ಅಲ್ಲೇ ನಿಂತಿದ್ದ. "ಅಲ್ಲಾಡಿಸಿದರೆ ಸದ್ದು ಬರುತ್ತೆ. ಮಕ್ಕಳ ಗಿಲಕಿ ಇರಬಹುದು, ಹರಕೆಯ ಗೊಂಬೆಯೂ ಇರಬಹುದು. ಈ ಹಲ್ಲು ನೋಡಿ, ಹಿಂದಿನವರು ಅರದಿಂದ ಹಲ್ಲು ಉಜ್ಜಿ ಸಮ ಮಾಡುತ್ತಿದ್ದ ಶಾಸ್ತ್ರಕ್ಕೆ ಸಂಬಂಧಪಟ್ಟದ್ದು."

"ಶಾಸ್ತ್ರವೂ ಇಲ್ಲ ಗೀಸ್ತ್ರವೂ ಇಲ್ಲ," ಅಂದಳು ಚಿಕ್ಕಮ್ಮ. "ಹಾಲುಹಲ್ಲು ಬಿದ್ದಿತ್ತು. ಅವಳು ನನ್ನ ಮಗಳು."

ಅತಿಥಿಗಳು ನಕ್ಕರು. "ಇದಕ್ಕೆ ಆರುನೂರು ವರ್ಷ ಅಮ್ಮಾ. ನಿಮಗೆಷ್ಟು?" ಅಂದ ಪ್ರೊಫೆಸರ್. ನನ್ನ ಕೈಯಲ್ಲಿ ನೆಲ ಒರೆಸೋ ಬಟ್ಟೆಯಿತ್ತು. ಅವನ ಮುಖಕ್ಕೆ ಎಸೆಯಲಿಲ್ಲವಲ್ಲ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತೆ.

"ಒಳಗಿರೋದು ಅವಳ ಓಲೆ. ಮೊಜೊಕೆರ್ತೊ ಸಂತೆಯಲ್ಲಿ ತಗೊಂಡಿದ್ದು," ಅಂದಳು ಚಿಕ್ಕಮ್ಮ.

ಸಾಹುಕಾರನಿಗೆ ಅನುಮಾನ ಹತ್ತಿತು. ಪೆಟ್ಟಿಗೆ ತೆಗೆದು ಗೊಂಬೆಯನ್ನು ಅವಳ ಕೈಗಿಟ್ಟ. "ಒಡೆದು ತೋರಿಸಿ. ಓಲೆ ಇದ್ದರೆ ನಿಮ್ಮದು, ತಗೊಂಡು ಹೋಗಿ."

ಆಸ್ಪತ್ರೆಯ ಎಕ್ಸ್‌ರೇಯಲ್ಲಿ ಇಟ್ಟು ನೋಡಿ ಅಂದೆ ನಾನು. ನೆಲ ಒರೆಸುವವಳ ಮಾತು ಯಾರಿಗೆ ಬೇಕು? "ಒಡಿ ಚಿಕ್ಕಮ್ಮ, ಇವರ ಸೊಕ್ಕು ಇಳೀಲಿ" ಅಂದೆ. ಅವಳು ಸೆರಗಿನಿಂದ ಗೊಂಬೆಯ ಮುಖ ಒರೆಸಿದಳು, ಜುಟ್ಟು ಸವರಿದಳು.

"ಒಂದು ಸಲ ನನ್ನ ಕೈಯಾರೆ ಮಣ್ಣಿಗೆ ಕೊಟ್ಟಿದ್ದೀನಿ. ಇನ್ನೊಂದು ಸಲ ನನ್ನಿಂದಾಗಲ್ಲ," ಅಂದು ಗೊಂಬೆಯನ್ನು ವಾಪಸ್ ಪೆಟ್ಟಿಗೆಯಲ್ಲಿಟ್ಟಳು.

"ನೋಡಿದ್ರಾ," ಅಂದ ಪ್ರೊಫೆಸರ್. ಅವತ್ತೇ ನನ್ನನ್ನು ಕೆಲಸದಿಂದ ತೆಗೆದರು.

ನನಗೆ ಗುನಾರ್ಸೊ ಮೇಲೆ, ಆ ಪ್ರೊಫೆಸರ್ ಮೇಲೆ ಇರೋ ಸಿಟ್ಟು ಸಾಲದು ಅಂತ ಚಿಕ್ಕಮ್ಮನ ಮೇಲೂ ಇದೆ. ಈಗಲೂ ತಿಂಗಳಿಗೊಮ್ಮೆ ಬಸ್ ಹತ್ತಿ ಅಲ್ಲಿಗೆ ಹೋಗುತ್ತಾಳೆ. ಗಾಜಿನ ಮೇಲೆ ಕೈ ಇಟ್ಟರೆ ಕಾವಲಿನವನು, "ಮುಟ್ಟಬೇಡಿ ಅಜ್ಜಿ, ಬೆಲೆಬಾಳೋ ವಸ್ತು" ಅನ್ನುತ್ತಾನೆ.

"ಗೊತ್ತಪ್ಪಾ," ಅಂತ ಕೈ ತೆಗೆಯುತ್ತಾಳೆ.