ಅತ್ತಿಗೆಯ ಹೆಬ್ಬೆರಳಲ್ಲಿದ್ದ ಸೂಜಿ

ನಮ್ಮ ಅತ್ತಿಗೆ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಹೊಲಿಗೆ ಮೆಷಿನ್ನಿನ ಮುಂದೆ ಕೂತಾಗಲೂ ಒಂದು ಕಾಲು ಪೆಡಲಿನ ಮೇಲೆ, ಇನ್ನೊಂದು ಅಡುಗೆಮನೆಯ ಕಡೆ. ಇಂಥವಳು ತುಂಬು ಬಸುರಿಯಾಗಿ ಎಂಆರ್‌ಐ ಕೊಳವೆಯೊಳಗೆ ಅಲುಗಾಡದೆ ಮಲಗಬೇಕಿತ್ತು. ಅವಳ ಚಡಪಡಿಕೆಯೆಲ್ಲ ಅವತ್ತು ನನಗೆ ಅಂಟಿಕೊಂಡಿತ್ತು.

ಅವಳ ಮೊದಲ ಹೆರಿಗೆ ಆಪರೇಷನ್ನಿನಲ್ಲಾಗಿತ್ತು. ಈಗ ಹೊಟ್ಟೆಯಲ್ಲಿರುವ ಮಗುವನ್ನು ಪೋಷಿಸುವ ಮಾಸು ಗರ್ಭಕೋಶದ ಆ ಹಳೆಯ ಹೊಲಿಗೆಯ ಮೇಲೇ ಕೂತಿದೆ, ಒಳಕ್ಕೆ ಬೇರು ಬಿಟ್ಟಿರಬಹುದು ಎಂದು ಡಾಕ್ಟರಮ್ಮನಿಗೆ ಅನುಮಾನ. ಹಾಗಿದ್ದರೆ ಹೆರಿಗೆಯಲ್ಲಿ ರಕ್ತ ನಿಲ್ಲದೆ ತಾಯಿಯ ಜೀವಕ್ಕೇ ಸಂಚಕಾರ. ಎಷ್ಟು ಆಳಕ್ಕೆ ಹೋಗಿದೆಯೆಂದು ಮೊದಲೇ ಗೊತ್ತಾದರೆ ತಯಾರಾಗಿರಬಹುದು. ಅಲ್ಟ್ರಾಸೌಂಡಿನಲ್ಲಿ ಸರಿಯಾಗಿ ಕಾಣಲಿಲ್ಲ, ಅದಕ್ಕೇ ಈ ಸ್ಕ್ಯಾನು. ಇಷ್ಟೆಲ್ಲ ಬಿಡಿಸಿ ಹೇಳಿದರೂ ಅಮ್ಮನದು ಫೋನಿನ ಮೇಲೆ ಫೋನು: "ಮಗು ಹೇಗಿದೆಯಂತೆ?" ನನಗೆ ಮೈ ಉರಿಯುತ್ತಿತ್ತು.

"ಮೈಯೊಳಗೆ ಲೋಹ ಏನಾದ್ರೂ ಇದೆಯಾ? ಮೆಷಿನ್ನಿನ ಅಯಸ್ಕಾಂತ ಎಳೆಯುತ್ತೆ," ಎಂದು ಸ್ಕ್ಯಾನ್ ಮಾಡುವವನು ಕೇಳಿದ.

"ಏನೂ ಇಲ್ಲಪ್ಪ," ಎಂದು ಅತ್ತಿಗೆ ಬಟ್ಟೆ ಬದಲಿಸುವ ಕೋಣೆಗೆ ನಡೆದಳು.

ನಾನು ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಶತಪಥ ಹಾಕಿದೆ. ಕೂತೆ, ಎದ್ದೆ, ಬಾಯಾರಿಕೆಯಿಲ್ಲದಿದ್ದರೂ ನೀರು ಕುಡಿದೆ. ಥಟ್ಟನೆ ನೆನಪಾಯಿತು. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಯೂನಿಫಾರ್ಮ್ ಹೊಲಿಯುವಾಗ ಸೂಜಿ ಅವಳ ಹೆಬ್ಬೆರಳಿಗೆ ಇಳಿದು ಮುರಿದಿತ್ತು. ತುದಿ ಇವತ್ತಿಗೂ ಅಲ್ಲೇ ಇದೆ, ಮುಟ್ಟಿದರೆ ಸಿಗುತ್ತದೆ. ಓಡಿಹೋಗಿ ಆ ಕೋಣೆಯ ಬಾಗಿಲು ಬಡಿದೆ.

ಪುಣ್ಯಕ್ಕೆ ಅವಳಿನ್ನೂ ಗೌನಿನ ದಾರ ಕಟ್ಟಿಕೊಳ್ಳುತ್ತಿದ್ದಳು. ಸದ್ದು ಕೇಳಿ ಬಂದ ಸ್ಕ್ಯಾನ್ ಮಾಡುವವನಿಗೆ ನಾನು ಸೂಜಿಯ ವಿಷಯ ಹೇಳಿದ್ದೇ ತಡ, ನನ್ನನ್ನು ನುಂಗುವ ಹಾಗೆ ನೋಡಿದಳು. "ನಿನ್ನ ಬಾಯಲ್ಲಿ ಎಳ್ಳುಕಾಳೂ ನೆನೆಯಲ್ಲ ಅಲ್ವಾ?"

ಸ್ಕ್ಯಾನ್ ಮಾಡುವವನು ಬೈಯಲಿಲ್ಲ. ಹೆಬ್ಬೆರಳಿನ ಎಕ್ಸ್‌ರೇ ಆಯಿತು. ಹಿರಿಯ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡುವಷ್ಟು ಹೊತ್ತು ಅತ್ತಿಗೆ ಗೋಡೆ ನೋಡುತ್ತಿದ್ದಳು. ತುಣುಕು ಚಿಕ್ಕದು, ಗಟ್ಟಿಯಾಗಿ ಕೂತುಬಿಟ್ಟಿದೆ, ತೊಂದರೆಯಿಲ್ಲ ಎಂದರು ಅವರು. ಬೆರಳು ಬಿಸಿಯಾದರೆ ಗಂಟೆ ಒತ್ತಲು ಹೇಳಿ ಒಳಗೆ ಕಳಿಸಿದರು.

ಒಳಗಿನಿಂದ ಡಬಡಬ ಸದ್ದು ಕೇಳುತ್ತಲೇ ಇತ್ತು. ಗಂಟೆ ಮಾತ್ರ ಕೇಳಲಿಲ್ಲ. ಚಿತ್ರಗಳು ಸ್ವಲ್ಪವೂ ಮಸುಕಾಗದೆ ಬಂದಿದ್ದವು. ಮಾಸು ಒಂದು ಕಡೆ ಬೇರು ಬಿಟ್ಟಿತ್ತು, ಪಕ್ಕದ ಮೂತ್ರಚೀಲವನ್ನು ಮುಟ್ಟಿರಲಿಲ್ಲ. ರಕ್ತ ತಯಾರಿಟ್ಟುಕೊಂಡು ಆಪರೇಷನ್ ಮಾಡ್ತೀವಿ, ಗರ್ಭಕೋಶ ತೆಗೆಯಬೇಕಾಗಬಹುದು, ಆದರೆ ಕತ್ತಲಲ್ಲಿ ಕೈ ಹಾಕಿದ ಹಾಗಂತೂ ಆಗಲ್ಲ ಎಂದರು ಡಾಕ್ಟರಮ್ಮ.

ಹೊರಗೆ ಬೆಂಚಿನ ಮೇಲೆ ಕೂತಾಗ ತಡೆಯಲಾಗಲಿಲ್ಲ. "ಯಾಕತ್ತಿಗೆ ಸುಳ್ಳು ಹೇಳಿದೆ?"

"ಸೂಜಿ ಇದೆ ಅಂದ್ರೆ ಸ್ಕ್ಯಾನ್ ಬೇಡ ಅಂತ ವಾಪಸ್ ಕಳಿಸ್ತಾರೇನೋ ಅಂತ ಭಯವಾಯ್ತು."

ಫೋನು ಮತ್ತೆ ಹೊಡೆದುಕೊಂಡಿತು. ಅಮ್ಮ. ಅತ್ತಿಗೆ ಅದರ ಕಡೆ ನೋಡಲಿಲ್ಲ. ಸೂಜಿಯಿದ್ದ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದು ಮೆಲ್ಲಗೆ ಹೇಳಿದಳು.

"ಎಲ್ಲರಿಗೂ ಮಗು ಬೇಕು. ನನಗೂ ಬೇಕು. ಆದ್ರೆ ನಾನೂ ಬದುಕಬೇಕು ಕಣೇ."